ಪಂಚಾಯತಿ ವಾಹನಕ್ಕೊಂದು ಡ್ಯಾಶ್‌ಕ್ಯಾಮ್: ಆಯ್ಕೆ, ಅಳವಡಿಕೆ ಮತ್ತು ದೃಶ್ಯಗಳ ಹೊಣೆ

(ಹನುಮನಹಳ್ಳಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಏರ್ಪಡಿಸಿದ್ದ ತರಬೇತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಾಹನದ ಮುಂಗಾಜಿಗೆ ಅಂಟಿಸುವ ಒಂದು ಚಿಕ್ಕ ಕ್ಯಾಮೆರಾದ ಕುರಿತು ಇಷ್ಟು ಜನ ಸೇರಿ ಚರ್ಚಿಸಬೇಕೇ ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗೆ ಮೂಡಿದ್ದರೆ ಅದು ಸಹಜವೇ. ಕುಡಿಯುವ ನೀರು, ಬೀದಿದೀಪ, ಚರಂಡಿಗಳ ನಡುವೆ ಈ ವಿಷಯ ಅಲ್ಪವೆಂದು ತೋರಬಹುದು. ಆದರೆ ಈಗ ಹಲವು ಗ್ರಾಮ ಪಂಚಾಯತಿಗಳು ಸ್ವಂತ ವಾಹನವನ್ನು ಹೊಂದಿವೆ. ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ ಇದೆ. ಕೆಲವೆಡೆ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್ ಇದೆ. ವಾಹನ ಪಂಚಾಯತಿಯ ಹೆಸರಿನಲ್ಲಿ ನೋಂದಣಿಯಾದ ದಿನದಿಂದಲೇ ರಸ್ತೆಯ ಮೇಲೆ ಅದರಿಂದ ಆಗುವ ಒಳಿತು ಕೆಡುಕುಗಳಿಗೆ ಪಂಚಾಯತಿಯು ಒಡೆಯನ ಸ್ಥಾನದಲ್ಲಿ ನಿಲ್ಲುತ್ತದೆ. ಚಾಲಕಿಯ ನಿರ್ಲಕ್ಷ್ಯದಿಂದ ಅಪಘಾತವಾಯಿತೆಂದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯು ನಿರ್ಣಯಿಸಿದರೆ ಪರಿಹಾರದ ಹೊಣೆ ಒಡೆಯನದು. ಆ ಹೊಣೆಯನ್ನು ವಿಮಾ ಕಂಪನಿ ಹೊರುವುದು ವಿಮೆ ಜೀವಂತವಾಗಿದ್ದಾಗ ಮಾತ್ರ.

ನಾವು ಈಗ ಕುಳಿತಿರುವ ಊರಿನ ರಸ್ತೆಯನ್ನೇ ನೋಡೋಣ. ಅಂಜನಾದ್ರಿಗೆ ಬರುವ ಭಕ್ತರು, ತುಂಗಭದ್ರೆಯ ಆಚೆಯ ಹಂಪಿಯನ್ನು ನೋಡಿ ಈಚೆ ದಡಕ್ಕೆ ಬರುವ ಪ್ರವಾಸಿಗರು, ಸಾಣಾಪುರದ ಕೆರೆಯತ್ತ ಬಾಡಿಗೆ ಸ್ಕೂಟರ್‌ಗಳಲ್ಲಿ ಹೋಗುವ ಯುವಕರು, ಗಂಗಾವತಿಯಿಂದ ಬರುವ ಟಂಟಂಗಳು, ಹೊರ ಜಿಲ್ಲೆಗಳ ಕ್ರೂಸರ್‌ಗಳು, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಎಲ್ಲವೂ ಒಂದೇ ರಸ್ತೆಯನ್ನು ಹಂಚಿಕೊಳ್ಳುತ್ತವೆ. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಬಾಳೆಯ ತೋಟ ಅಥವಾ ಭತ್ತದ ಗದ್ದೆ. ತಿರುವಿನ ಆಚೆಗೆ ಏನಿದೆಯೆಂದು ತಿಳಿಯದು. ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ನಡೆದು ಬರುವವರ ಸಂಖ್ಯೆ ವಾಹನಗಳಿಗಿಂತ ಹೆಚ್ಚು. ಸುಗ್ಗಿಯ ಕಾಲದಲ್ಲಿ ಹಿಂಬದಿಗೆ ಪ್ರತಿಫಲಕವಿಲ್ಲದ ಟ್ರಾಲಿಗಳು ಸಂಜೆಗತ್ತಲಲ್ಲಿ ಸಾಲುಗಟ್ಟುತ್ತವೆ. ಇದೇ ರಸ್ತೆಯಲ್ಲಿ ಪ್ರತಿದಿನ ಬೆಳಿಗ್ಗೆ ಮನೆ ಮನೆಗೂ ನಿಂತು, ಹಿಂದಕ್ಕೂ ಮುಂದಕ್ಕೂ ಚಲಿಸಿ, ಕಸ ಸಂಗ್ರಹಿಸುವ ವಾಹನವೊಂದಿದೆ. ರಸ್ತೆಯ ಮೇಲೆ ಪದೇ ಪದೇ ನಿಲ್ಲುವ ವಾಹನಕ್ಕೆ ಹಿಂದಿನಿಂದ ಬಂದು ಗುದ್ದುವವರಿಗೆ ಕೊರತೆಯಿರುವುದಿಲ್ಲ. ಕುಷ್ಟಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50, ಕೊಪ್ಪಳದ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 67ರ ಬದಿಯ ಪಂಚಾಯತಿಗಳ ಸದಸ್ಯರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಅಲ್ಲಿ ವೇಗ ಇನ್ನೂ ಹೆಚ್ಚು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಸ್ವಚ್ಛ ವಾಹಿನಿ ಎಡಬದಿಯಲ್ಲಿ ನಿಧಾನವಾಗಿ ಸಾಗುತ್ತಿದೆ. ಎದುರಿನಿಂದ ಮೂವರನ್ನು ಹೊತ್ತ ದ್ವಿಚಕ್ರ ವಾಹನವೊಂದು ಬಸ್ಸನ್ನು ಹಿಂದಿಕ್ಕಲು ಹೋಗಿ ಇದಕ್ಕೆ ಡಿಕ್ಕಿ ಹೊಡೆಯುತ್ತದೆ. ಐದು ನಿಮಿಷಗಳಲ್ಲಿ ಜನ ಸೇರುತ್ತಾರೆ. ಗಾಯಗೊಂಡವನು ನೆಲದ ಮೇಲಿದ್ದಾನೆ. ದೊಡ್ಡ ವಾಹನ ಎದ್ದು ನಿಂತಿದೆ. ದೊಡ್ಡ ವಾಹನದ್ದೇ ತಪ್ಪು ಎಂಬುದು ನಮ್ಮ ರಸ್ತೆಗಳ ಅಲಿಖಿತ ತೀರ್ಪು. ಚಾಲಕಿ ಹೆಣ್ಣುಮಗಳಾಗಿದ್ದರೆ ಆ ತೀರ್ಪು ಇನ್ನೂ ಬೇಗ ಹೊರಬೀಳುತ್ತದೆ. ಸ್ವಸಹಾಯ ಸಂಘದಿಂದ ಬಂದು, ತರಬೇತಿ ಪಡೆದು, ಪರವಾನಗಿ ಗಳಿಸಿ, ಊರವರ ಟೀಕೆಯ ನಡುವೆಯೂ ಸ್ಟಿಯರಿಂಗ್ ಹಿಡಿದ ಆ ಸಹೋದರಿಯ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281ನೆಯ ಪ್ರಕರಣದಡಿ ಅಜಾಗರೂಕ ಚಾಲನೆಯ ಮೊಕದ್ದಮೆ ದಾಖಲಾದರೆ ಅವಳ ಪರವಾಗಿ ಸಾಕ್ಷಿ ನುಡಿಯುವವರು ಯಾರು? ಬಸ್ಸು ಮುಂದೆ ಹೋಗಿರುತ್ತದೆ. ಕಂಡವರು ಠಾಣೆಗೆ ಬರಲು ಹಿಂಜರಿಯುತ್ತಾರೆ. ಮುಂಗಾಜಿನ ಮೇಲೆ ಒಂದು ಕ್ಯಾಮೆರಾ ಇದ್ದಿದ್ದರೆ ದ್ವಿಚಕ್ರ ವಾಹನ ಯಾವ ಬದಿಯಲ್ಲಿತ್ತು ಎಂಬ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಇರುತ್ತಿತ್ತು.

ಇದಕ್ಕೆ ಇನ್ನೊಂದು ಮುಖವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಕ್ಯಾಮೆರಾ ನಮ್ಮವರ ಪಕ್ಷಪಾತಿಯಲ್ಲ. ತಪ್ಪು ನಮ್ಮ ಚಾಲಕರದೇ ಆಗಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ದಾಖಲಿಸುತ್ತದೆ. ಆ ದೃಶ್ಯವನ್ನು ಅಳಿಸಿಹಾಕುವ ಆಲೋಚನೆ ಯಾರಿಗಾದರೂ ಬಂದರೆ, ಸಾಕ್ಷ್ಯನಾಶವೂ ಒಂದು ಅಪರಾಧವೆಂಬುದನ್ನು ನೆನಪಿಡಬೇಕು. ಈ ಎರಡನೆಯ ಮುಖವನ್ನು ಒಪ್ಪಿಕೊಳ್ಳುವ ಸಿದ್ಧತೆಯಿದ್ದರೆ ಮಾತ್ರ ಠರಾವು ಮಾಡಿ.

ಪರಿಹಾರದ ಲೆಕ್ಕವನ್ನು ನೋಡಿದರೆ ಕ್ಯಾಮೆರಾದ ಬೆಲೆ ಇನ್ನಷ್ಟು ತಿಳಿಯುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಲ್ಲಿ 1,68,491 ಜನ ಮೃತಪಟ್ಟರು. ಅವರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಗುದ್ದಿ ಓಡಿಹೋದ ವಾಹನಗಳಿಗೆ ಬಲಿಯಾದವರು. ಗುದ್ದಿದ ವಾಹನದ ಗುರುತು ಸಿಗದಿದ್ದರೆ ಮೋಟಾರು ವಾಹನಗಳ ಅಧಿನಿಯಮದ 161ನೆಯ ಪ್ರಕರಣ ಮತ್ತು 2022ರ ಯೋಜನೆಯಂತೆ ಮೃತರ ಕುಟುಂಬಕ್ಕೆ ದೊರೆಯುವುದು 2 ಲಕ್ಷ ರೂಪಾಯಿ; ತೀವ್ರ ಗಾಯಗೊಂಡವರಿಗೆ 50 ಸಾವಿರ. ಅದೇ ವಾಹನದ ಗುರುತು ಸಿಕ್ಕರೆ, ಯಾರ ತಪ್ಪೆಂದು ಸಾಬೀತುಪಡಿಸುವ ಅಗತ್ಯವೇ ಇಲ್ಲದ 164ನೆಯ ಪ್ರಕರಣದಡಿಯೂ 5 ಲಕ್ಷ ಮತ್ತು ಎರಡೂವರೆ ಲಕ್ಷ ರೂಪಾಯಿ ಕೇಳಬಹುದು. 166ನೆಯ ಪ್ರಕರಣದಡಿ ಮೃತರ ವಯಸ್ಸು, ಗಳಿಕೆ, ಅವಲಂಬಿತರ ಆಧಾರದ ಮೇಲೆ ಅದಕ್ಕಿಂತ ಹೆಚ್ಚಿನ ಪರಿಹಾರಕ್ಕೂ ಅವಕಾಶವಿದೆ. ಈ ಅಂತರವೆಲ್ಲ ಒಂದು ನೋಂದಣಿ ಸಂಖ್ಯೆಯ ಮೇಲೆ ನಿಂತಿದೆ. ನಮ್ಮ ಕಸದ ಗಾಡಿಗೆ ಏನೂ ಆಗದಿದ್ದರೂ, ಅದರ ಮುಂದೆಯೇ ಕೂಲಿಗೆ ಹೊರಟ ಪಾದಚಾರಿಯೊಬ್ಬಳಿಗೆ ಗುದ್ದಿ ಹೋದ ಕಾರಿನ ಸಂಖ್ಯೆ ನಮ್ಮ ಕ್ಯಾಮೆರಾದಲ್ಲಿದ್ದರೆ, ಆ ಬಡ ಕುಟುಂಬಕ್ಕೆ ಪಂಚಾಯತಿಯಿಂದ ಆದ ಉಪಕಾರ ಅಲ್ಪವಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಪಂಚಾಯತಿ ವಾಹನಕ್ಕೆ ಕ್ಯಾಮೆರಾ ಬೇಕೆನ್ನಲು ಇದೊಂದೇ ಕಾರಣ ಸಾಕು.

ಇತರೆಡೆಯ ಅನುಭವವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ರಷ್ಯಾದಲ್ಲಿ ಸುಳ್ಳು ಅಪಘಾತಗಳ ಹಾವಳಿಗೂ ವಿಮೆಯ ತಕರಾರುಗಳಿಗೂ ಬೇಸತ್ತ ಜನ ಮೊದಲೇ ಇದನ್ನು ಅಳವಡಿಸಿಕೊಂಡಿದ್ದರು. 2013ರ ಫೆಬ್ರವರಿ 15ರಂದು ಚೆಲ್ಯಾಬಿನ್ಸ್ಕ್ ನಗರದ ಮೇಲೆ ಉಲ್ಕೆ ಸಿಡಿದಾಗ ಅದರ ದೃಶ್ಯಗಳು ಜಗತ್ತಿಗೆ ದೊರೆತದ್ದು ಬಹುಮಟ್ಟಿಗೆ ಇಂತಹ ಕಾರುಗಳ ಕ್ಯಾಮೆರಾಗಳಿಂದಲೇ. ನಮ್ಮ ರಾಜ್ಯದಲ್ಲಿ 2023ರ ಜನವರಿಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ನಡುರಾತ್ರಿ ಇಬ್ಬರು ಬೈಕ್ ಸವಾರರು ಬೇಕೆಂದೇ ದಂಪತಿಗಳ ಕಾರಿಗೆ ಗುದ್ದಿ, ಅವರನ್ನು ಬೆನ್ನಟ್ಟಿದ ಪ್ರಕರಣ ಬೆಳಕಿಗೆ ಬಂದದ್ದೂ ಆ ಕಾರಿನ ಡ್ಯಾಶ್‌ಕ್ಯಾಮ್ ದೃಶ್ಯದಿಂದ. ಪೊಲೀಸರು ಆ ಇಬ್ಬರನ್ನು ಬಂಧಿಸಿದರು. ಎಲ್ಲ ದೇಶಗಳೂ ಇದನ್ನು ಮುಕ್ತವಾಗಿ ಒಪ್ಪಿಲ್ಲ ಎಂಬುದೂ ತಿಳಿದಿರಲಿ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವು 2018ರ ಮೇ ತಿಂಗಳಲ್ಲಿ, ರಸ್ತೆಯನ್ನು ಎಡೆಬಿಡದೆ ಚಿತ್ರೀಕರಿಸುತ್ತ ಹೋಗುವುದು ಖಾಸಗಿತನದ ಕಾನೂನಿಗೆ ವಿರುದ್ಧವಾದರೂ, ಅಪಘಾತದ ದೃಶ್ಯವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ತೀರ್ಪಿತ್ತಿತು. ದಾರಿಹೋಕರ ಖಾಸಗಿತನದ ಈ ಪ್ರಶ್ನೆ ನಮಗೂ ಅನ್ವಯಿಸುವುದರಿಂದ ಅದಕ್ಕೆ ಮುಂದೆ ಬರುತ್ತೇನೆ.

ಈಗ ಆಯ್ಕೆಯ ವಿಷಯ. ಯಾವುದೇ ಕಂಪನಿಯ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ; ಖರೀದಿಯು ಪಾರದರ್ಶಕತೆಯ ನಿಯಮಗಳಂತೆ ನಡೆಯಬೇಕಾದ್ದರಿಂದ ತಮಗೆ ಬೇಕಾಗಿರುವುದು ಹೆಸರಲ್ಲ, ಬರೆದಿಡಬಹುದಾದ ತಾಂತ್ರಿಕ ವಿವರ. ಮಾರುಕಟ್ಟೆಯಲ್ಲಿ ಸಾಧಾರಣ ಕ್ಯಾಮೆರಾ ಮೂರರಿಂದ ಐದು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿ ದೊರೆಯುತ್ತದೆ. ಹಿಂಬದಿಯ ಕ್ಯಾಮೆರಾ ಕೂಡಿದ್ದಕ್ಕೆ ಬೆಲೆ ಹೆಚ್ಚು.

ಮೊದಲು ನೋಡಬೇಕಾದದ್ದು ಚಿತ್ರದ ಗಾತ್ರವನ್ನಲ್ಲ, ಶಾಖವನ್ನು ತಡೆಯುವ ಶಕ್ತಿಯನ್ನು. ಜಾಹೀರಾತುಗಳು ಹೇಳುವ ಕ್ರಮ ಬೇರೆ. ಕೊಪ್ಪಳದ ಬಿಸಿಲು ಹೇಳುವ ಕ್ರಮ ಬೇರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ಮೀರಿದಾಗ, ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಮುಂಗಾಜಿನ ಬಳಿ ಅದು ಇನ್ನೂ ಎಷ್ಟೋ ಮೇಲೇರುತ್ತದೆ. ಅಗ್ಗದ ಕ್ಯಾಮೆರಾಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಅದು ಶಾಖಕ್ಕೆ ಉಬ್ಬುತ್ತದೆ, ಒಂದು ಬೇಸಿಗೆ ಕಳೆಯುವುದರೊಳಗೆ ಕೆಡುತ್ತದೆ, ಅಪಾಯಕ್ಕೂ ಕಾರಣವಾಗಬಹುದು. ಅದರ ಬದಲಿಗೆ ಸೂಪರ್ ಕೆಪಾಸಿಟರ್ ಇರುವ ಕ್ಯಾಮೆರಾವನ್ನೇ ಕೇಳಬೇಕು. ಅದು ವಿದ್ಯುತ್ತನ್ನು ಹೆಚ್ಚು ಹೊತ್ತು ಹಿಡಿದಿಡದು. ವಾಹನದ ಸಂಪರ್ಕ ತಟ್ಟನೆ ಕಡಿದುಹೋದರೂ ಕೊನೆಯ ಕಡತವನ್ನು ಉಳಿಸಿ ಮುಚ್ಚುವಷ್ಟು ಹೊತ್ತು ಮಾತ್ರ ಹಿಡಿಯುತ್ತದೆ. ನಮಗೆ ಬೇಕಾಗಿರುವುದೂ ಅಷ್ಟೇ. ದರಪಟ್ಟಿ ಕರೆಯುವಾಗ ಈ ಒಂದು ಸಾಲನ್ನು ಬರೆದರೆ ಕೆಟ್ಟ ಸರಕಿನ ಬಹುಭಾಗ ತಾನಾಗಿಯೇ ಹೊರಬೀಳುತ್ತದೆ.

ಚಿತ್ರದ ಸ್ಪಷ್ಟತೆಗೆ 1080 ಗೆರೆಗಳ ಪೂರ್ಣ ಎಚ್.ಡಿ. ಕನಿಷ್ಠ ಮಟ್ಟ. ಎದುರಿನ ವಾಹನದ ಸಂಖ್ಯೆಯನ್ನು ಇನ್ನಷ್ಟು ದೂರದಿಂದ ಓದಬೇಕಾದರೆ 2ಕೆ ಎಂದು ಕರೆಯುವ 1440 ಗೆರೆಗಳದ್ದು ಉತ್ತಮ. 4ಕೆ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದು, ಒಳಗೆ ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ತೋರಿಸುವ ಅಗ್ಗದ ಸರಕು ಬಹಳಷ್ಟಿದೆ, ಅದಕ್ಕೆ ಮರುಳಾಗಬೇಡಿ. ನೋಟದ ಅಗಲ 120ರಿಂದ 140 ಡಿಗ್ರಿ ಇದ್ದರೆ ಸಾಕು. 170 ಡಿಗ್ರಿ ಎಂದರೆ ಲಾಭವೆಂದು ಅನಿಸಬಹುದು. ಆದರೆ ನೋಟ ಅಗಲವಾದಷ್ಟೂ ಎದುರಿನ ಸಂಖ್ಯಾಫಲಕ ಚಿತ್ರದಲ್ಲಿ ಚಿಕ್ಕದಾಗುತ್ತದೆ. ರಾತ್ರಿಯ ದೃಶ್ಯದ ಬಗ್ಗೆ ಅತಿಯಾದ ಆಸೆ ಬೇಡ. ಎದುರಿನ ದೀಪದ ಪ್ರಖರತೆಯಲ್ಲಿ ಫಲಕ ಬೆಳ್ಳಗೆ ಸುಟ್ಟಂತೆ ಕಾಣುವುದು ಒಳ್ಳೆಯ ಕ್ಯಾಮೆರಾಗಳಲ್ಲಿಯೂ ಸಾಮಾನ್ಯ. ಖರೀದಿಗೆ ಮೊದಲು ಅದೇ ಮಾದರಿಯಲ್ಲಿ ರಾತ್ರಿ ತೆಗೆದ ದೃಶ್ಯವನ್ನು ತೋರಿಸಲು ಮಾರಾಟಗಾರರನ್ನು ಕೇಳಿ.

ಜಿ.ಪಿ.ಎಸ್. ಇರುವ ಕ್ಯಾಮೆರಾ ಸ್ಥಳ ಮತ್ತು ವೇಗಗಳನ್ನು ದೃಶ್ಯದ ಜೊತೆಗೇ ದಾಖಲಿಸುತ್ತದೆ. ಕಸದ ಗಾಡಿ ಗಂಟೆಗೆ 15 ಕಿ.ಮೀ. ವೇಗದಲ್ಲಿತ್ತು ಎಂಬುದು ಚಿತ್ರದ ಮೇಲೆಯೇ ಮೂಡಿದ್ದರೆ ವಾದಕ್ಕೆ ಎಡೆ ಕಡಿಮೆ. ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಇದನ್ನು ಪಡೆಯಬೇಕೆಂಬುದು ನನ್ನ ಅಭಿಪ್ರಾಯ. ಪಥ ತಪ್ಪಿದರೆ ಎಚ್ಚರಿಸುವ, ಮುಂದಿನ ವಾಹನ ಹತ್ತಿರವಾದರೆ ಕೂಗುವ ಸೌಲಭ್ಯಗಳಿಗೆ ಹಣ ಸುರಿಯಬೇಕಾಗಿಲ್ಲ. ಬಿಳಿಯ ಗೆರೆಗಳೇ ಅಳಿಸಿಹೋಗಿರುವ ನಮ್ಮ ಹಳ್ಳಿಯ ರಸ್ತೆಯಲ್ಲಿ ಅದು ಎಮ್ಮೆಗೂ ಕೂಗುತ್ತದೆ, ಕೊಟ್ಟಿಗೆಯ ಗೋಡೆಗೂ ಕೂಗುತ್ತದೆ.

ನೆನಪಿನ ಕಾರ್ಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು; ಡ್ಯಾಶ್‌ಕ್ಯಾಮ್ ಕೈಕೊಡುವ ಪ್ರಸಂಗಗಳಲ್ಲಿ ದೋಷ ಅನೇಕ ಸಲ ಕ್ಯಾಮೆರಾದ್ದಲ್ಲ, ಕಾರ್ಡಿನದ್ದು. ಕ್ಯಾಮೆರಾ ವಾಹನ ಚಲಿಸುವಷ್ಟು ಹೊತ್ತೂ ಬರೆಯುತ್ತಲೇ ಇರುತ್ತದೆ; ಕಾರ್ಡು ತುಂಬಿದ ಮೇಲೆ ಅತ್ಯಂತ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ. ಮೊಬೈಲಿಗಾಗಿ ಮಾಡಿದ ಸಾಧಾರಣ ಕಾರ್ಡು ಈ ನಿರಂತರ ಬರವಣಿಗೆಯನ್ನು ಬಹುಕಾಲ ತಾಳದು. ಹೈ ಎಂಡ್ಯೂರೆನ್ಸ್ ಎಂದು ಗುರುತಿಸಿದ ಕಾರ್ಡನ್ನೇ, ಬಿಲ್ಲಿನೊಂದಿಗೆ, ನಂಬಿಕೆಯ ಅಂಗಡಿಯಿಂದ ಕೊಳ್ಳಬೇಕು. ನಕಲಿ ಕಾರ್ಡುಗಳ ಮೇಲೆ ಬರೆದಿರುವ ಗಾತ್ರವೇ ಸುಳ್ಳು. ಪೂರ್ಣ ಎಚ್.ಡಿ. ದೃಶ್ಯಕ್ಕೆ ಗಂಟೆಗೆ ಸುಮಾರು 6ರಿಂದ 7 ಜಿ.ಬಿ. ಬೇಕಾಗುವುದರಿಂದ 64 ಜಿ.ಬಿ. ಕಾರ್ಡಿನಲ್ಲಿ ಸುಮಾರು ಒಂಬತ್ತು ಗಂಟೆಗಳ ಸಂಚಾರ ಉಳಿಯುತ್ತದೆ. ದಿನಕ್ಕೆ ಮೂರು ಗಂಟೆ ಓಡುವ ಗಾಡಿಗೆ ಅದು ಮೂರು ದಿನಗಳ ದಾಖಲೆ. 128 ಜಿ.ಬಿ. ಹಾಕಿದರೆ ಸುಮಾರು ಒಂದು ವಾರ. ತಿಂಗಳಿಗೊಮ್ಮೆ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು. ಅದಕ್ಕೆ ಮೊದಲು ಉಳಿಸಬೇಕಾದ ದೃಶ್ಯವಿದೆಯೇ ಎಂದು ನೋಡಿಕೊಳ್ಳಬೇಕು.

ಯಾವ ವಾಹನಕ್ಕೆ ಎಂತಹುದು ಎಂಬುದೂ ಮುಖ್ಯ. ಕಸ ಸುರಿಯಲು ಪೆಟ್ಟಿಗೆ ಮೇಲೇಳುವ ಟಿಪ್ಪರ್ ಗಾಡಿಗಳಲ್ಲಿ ಹಿಂಬದಿಯ ಕ್ಯಾಮೆರಾ ವ್ಯರ್ಥವಾಗುವುದೇ ಹೆಚ್ಚು. ಕ್ಯಾಬಿನ್ನಿನ ಹಿಂಗಾಜಿಗೆ ಹಾಕಿದರೆ ಪೆಟ್ಟಿಗೆಯಷ್ಟೇ ಕಾಣುತ್ತದೆ. ಪೆಟ್ಟಿಗೆಗೇ ಹಾಕಿದರೆ ಅದು ಏರಿ ಇಳಿಯುವಾಗ ತಂತಿ ಕತ್ತರಿಸುತ್ತದೆ, ಕಸದ ನೀರು ಸಿಡಿಯುತ್ತದೆ. ಆದ್ದರಿಂದ ಮುಂಬದಿಗೆ ಒಂದು ಒಳ್ಳೆಯ ಕ್ಯಾಮೆರಾ, ಹಿಂಬದಿಗೆ ಪ್ರತಿಫಲಕ ಪಟ್ಟಿ ಮತ್ತು ಉರಿಯುವ ದೀಪ. ಇದು ಮಿತವ್ಯಯದ ಮಾರ್ಗ. ತೆರೆದ ಟ್ರ್ಯಾಕ್ಟರಿಗೆ ಗಾಜೇ ಇಲ್ಲ. ದೂಳು, ಮಳೆ, ಕುಲುಕಾಟಗಳಿಗೆ ತಡೆಯುವ, ಬೈಕುಗಳಿಗಾಗಿ ಮಾಡಿದ ಜಲನಿರೋಧಕ ಕ್ಯಾಮೆರಾ ಬೇಕಾಗುತ್ತದೆ. ಕಾರು, ಟಂಟಂ, ಚಿಕ್ಕ ಸರಕು ವಾಹನ, ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್. ಲಾರಿ, ಬಸ್ಸುಗಳಲ್ಲಿ 24 ವೋಲ್ಟ್. ಕ್ಯಾಮೆರಾದ ಪ್ಲಗ್ಗು ಇದನ್ನು ತಾಳುತ್ತದೆಯೇ ಎಂದು ಪೆಟ್ಟಿಗೆಯ ಮೇಲೆ ನೋಡದೆ ಚುಚ್ಚಬಾರದು.

ಅಳವಡಿಕೆಗೆ ಬರೋಣ. ಕ್ಯಾಮೆರಾದ ಸ್ಥಾನ ಒಳಗನ್ನಡಿಯ ಹಿಂದೆ, ಗಾಜಿನ ಮೇಲ್ಭಾಗದ ನಡುವಿನಲ್ಲಿ, ಆದರೆ ವೈಪರ್ ಒರೆಸುವ ವ್ಯಾಪ್ತಿಯೊಳಗೆ. ಚಾಲಕರ ದೃಷ್ಟಿಗೆ ಅದು ಎಳ್ಳಷ್ಟೂ ಅಡ್ಡ ಬರಬಾರದು. ದೃಷ್ಟಿಗೆ ಅಡ್ಡಿಯಾಗುವಂತೆ ಅಂಟಿಸಿದ್ದರೆ ಅಪಘಾತದ ನಂತರ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ವಾದಿಸುತ್ತಾರೆ. ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ, ಅಂಟುಪಟ್ಟಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಸಾಧ್ಯವಾದರೆ ಒಂದು ದಿನ ಬಿಟ್ಟು ಕ್ಯಾಮೆರಾವನ್ನು ಸಿಕ್ಕಿಸಬೇಕು. ಹೀರಿ ಹಿಡಿಯುವ ರಬ್ಬರಿನ ಬಟ್ಟಲು ನಮ್ಮ ಬಿಸಿಲಿನಲ್ಲಿ ನಿಲ್ಲದು, ಅಂಟುಪಟ್ಟಿಯೇ ಸರಿ. ಚಿತ್ರದಲ್ಲಿ ದಿಗಂತವು ನಡುವಿಗೆ ಬರುವಂತೆ ಕೋನವನ್ನು ಹೊಂದಿಸಿ. ಚಿತ್ರದ ಬಹುಪಾಲು ಆಕಾಶವಾದರೆ ರಸ್ತೆ ಕಪ್ಪಾಗಿ ಮೂಡುತ್ತದೆ.

ತಂತಿಯನ್ನು ಗಾಜಿನ ಮೇಲಂಚಿನ ಚಾವಣಿಯ ಬಟ್ಟೆಯೊಳಗೆ ಸೇರಿಸಿ, ಬಾಗಿಲ ಬದಿಯ ಕಂಬದ ಗುಂಟ ಇಳಿಸಿ, ಡ್ಯಾಶ್‌ಬೋರ್ಡಿನ ಕೆಳಗೆ ತರಬೇಕು. ಸದಸ್ಯರ ಸ್ವಂತ ಕಾರುಗಳ ವಿಷಯದಲ್ಲಿ ಇಲ್ಲೊಂದು ಎಚ್ಚರಿಕೆಯಿದೆ. ಇತ್ತೀಚಿನ ಅನೇಕ ಕಾರುಗಳಲ್ಲಿ ಆ ಕಂಬದೊಳಗೆ ಪರದೆಯಂತೆ ಬಿಚ್ಚುವ ಏರ್‌ಬ್ಯಾಗ್ ಇರುತ್ತದೆ. ತಂತಿ ಅದರ ಮುಂದೆ ಹಾಯ್ದರೆ ಅಪಘಾತದ ಕ್ಷಣದಲ್ಲಿ ಏರ್‌ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳದೆ ಹೋಗಬಹುದು. ತಂತಿ ಅದರ ಹಿಂದಿನಿಂದಲೇ ಹೋಗಬೇಕು. ತಿಳಿಯದಿದ್ದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿಯೇ ಮಾಡಿಸುವುದು ಕ್ಷೇಮ.

ವಿದ್ಯುತ್ ಸಂಪರ್ಕಕ್ಕೆ ಅತ್ಯಂತ ಸರಳವಾದದ್ದು ವಾಹನದಲ್ಲಿಯೇ ಇರುವ 12 ವೋಲ್ಟಿನ ಸಾಕೆಟ್. ಏನನ್ನೂ ಕತ್ತರಿಸಬೇಕಾಗಿಲ್ಲ, ವಾಹನದ ವಾರಂಟಿಗೂ ತೊಂದರೆಯಿಲ್ಲ. ಇದರ ದೋಷವೊಂದೇ: ಯಾರಾದರೂ ಮೊಬೈಲ್ ಚಾರ್ಜಿಗೆಂದು ಪ್ಲಗ್ಗನ್ನು ಕಿತ್ತರೆ ಮತ್ತೆ ಹಾಕುವುದಿಲ್ಲ. ಅಪಘಾತದ ದಿನ ನೋಡಿದರೆ ಕ್ಯಾಮೆರಾ ಹದಿನೈದು ದಿನಗಳಿಂದ ಮಲಗಿರುತ್ತದೆ. ಆದ್ದರಿಂದ ಪಂಚಾಯತಿ ವಾಹನಕ್ಕೆ ಫ್ಯೂಸ್ ಪೆಟ್ಟಿಗೆಯಿಂದ, ಫ್ಯೂಸ್ ಟ್ಯಾಪ್ ಬಳಸಿ, ಸ್ಥಿರ ಸಂಪರ್ಕ ಕೊಡಿಸುವುದು ಮೇಲು. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ, ಸಾಕೆಟ್ಟಿನಂತಹ ಅಮುಖ್ಯ ಸರ್ಕ್ಯೂಟನ್ನು ಆರಿಸಬೇಕು. ಬ್ರೇಕ್, ಏರ್‌ಬ್ಯಾಗುಗಳ ಫ್ಯೂಸನ್ನು ಮುಟ್ಟಲೇಬಾರದು. ಮೂಲ ತಂತಿಯ ಸಿಪ್ಪೆ ಸುಲಿದು ಸುತ್ತಿ ಟೇಪು ಅಂಟಿಸುವ ನಮ್ಮ ಗ್ಯಾರೇಜುಗಳ ಅಭ್ಯಾಸವನ್ನು ಇಲ್ಲಿ ಒಪ್ಪಬೇಡಿ. ಬೆಂಕಿ ಹುಟ್ಟುವುದು ಅಲ್ಲಿಂದಲೇ. ವಾಹನ ನಿಂತಾಗಲೂ ಚಿತ್ರೀಕರಿಸುವ ವ್ಯವಸ್ಥೆ ಬೇಕೆಂದಾದರೆ, ಬ್ಯಾಟರಿ ಸುಮಾರು 12 ವೋಲ್ಟಿಗೆ ಇಳಿದೊಡನೆ ಸಂಪರ್ಕ ಕಡಿಯುವ ಸಾಧನವನ್ನೂ ಹಾಕಿಸಬೇಕು. ಇಲ್ಲವಾದರೆ ಬೆಳಿಗ್ಗೆ ಗಾಡಿ ಚಾಲನೆಯಾಗದು. ವಿದ್ಯುತ್ ಚಾಲಿತ ಗಾಡಿಗಳಲ್ಲಿ 12 ವೋಲ್ಟಿನ ಸಹಾಯಕ ಬ್ಯಾಟರಿಯಿಂದ ಮಾತ್ರ ಸಂಪರ್ಕ ಪಡೆಯಬೇಕು; ಕಿತ್ತಳೆ ಬಣ್ಣದ ಕೇಬಲ್ಲುಗಳ ಬಳಿಗೆ ಕೈ ಒಯ್ಯುವಂತಿಲ್ಲ.

ಕ್ಯಾಮೆರಾವನ್ನು ಹಾಕಿದ ದಿನವೇ ದಿನಾಂಕ ಮತ್ತು ಸಮಯಗಳನ್ನು ಸರಿಪಡಿಸಿ. ಅನೇಕ ಕ್ಯಾಮೆರಾಗಳು ಬೇರೆ ದೇಶದ ಸಮಯವನ್ನಿಟ್ಟುಕೊಂಡೇ ಬರುತ್ತವೆ. ಬೆಳಗಿನ ಎಂಟು ಗಂಟೆಯ ಅಪಘಾತದ ದೃಶ್ಯದ ಮೇಲೆ ಹತ್ತೂವರೆ ಎಂದಿದ್ದರೆ ಅದರ ವಿಶ್ವಾಸಾರ್ಹತೆಗೆ ಅಲ್ಲಿಯೇ ಪೆಟ್ಟು. ಸಮಯ ವಲಯವನ್ನು 5.30ಕ್ಕೆ, ದೀಪದ ಮಿನುಗು ತಡೆಯುವ ಆಯ್ಕೆಯನ್ನು 50 ಹರ್ಟ್ಸ್‌ಗೆ ಹೊಂದಿಸಬೇಕು. ಆಘಾತವನ್ನು ಗುರುತಿಸಿ ಕಡತಕ್ಕೆ ಬೀಗ ಹಾಕುವ ಸೂಕ್ಷ್ಮತೆಯನ್ನು ಕಡಿಮೆ ಮಟ್ಟದಲ್ಲಿಡಿ. ಹೆಚ್ಚಿಟ್ಟರೆ ನಮ್ಮ ರಸ್ತೆಯ ಪ್ರತಿ ತಗ್ಗನ್ನೂ ಅಪಘಾತವೆಂದು ತಿಳಿದು ಬೀಗ ಹಾಕಿದ ಕಡತಗಳಿಂದಲೇ ಕಾರ್ಡು ತುಂಬಿಹೋಗುತ್ತದೆ. ಕ್ಯಾಮೆರಾದ ವೈಫೈ ಗುಪ್ತಪದವನ್ನು ಬದಲಾಯಿಸುವುದನ್ನು ಮರೆಯಬಾರದು. ಕಂಪನಿ ಕೊಟ್ಟ ಪದ ಎಲ್ಲರಿಗೂ ತಿಳಿದಿರುತ್ತದೆ.

ಇನ್ನು ಖಾಸಗಿತನ. ಸ್ವಂತ ಕಾರಿನಲ್ಲಿ ಸ್ವಂತ ಉಪಯೋಗಕ್ಕೆ ಇಟ್ಟ ಕ್ಯಾಮೆರಾಕ್ಕೂ, ಸಾರ್ವಜನಿಕ ಸಂಸ್ಥೆಯಾದ ಪಂಚಾಯತಿ ಇಟ್ಟ ಕ್ಯಾಮೆರಾಕ್ಕೂ ವ್ಯತ್ಯಾಸವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಯೊಬ್ಬನ ವೈಯಕ್ತಿಕ ಅಥವಾ ಗೃಹಸಂಬಂಧಿ ಉಪಯೋಗವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ; ಪಂಚಾಯತಿಗೆ ಆ ರಿಯಾಯಿತಿ ಇಲ್ಲ. ಕಸದ ಗಾಡಿ ಮನೆಗಳ ಬಾಗಿಲಲ್ಲೇ ನಿಲ್ಲುವ ವಾಹನ. ನಸುಕಿನಲ್ಲಿ ಅಂಗಳಕ್ಕೆ ನೀರು ಹಾಕುವ, ನಲ್ಲಿಯ ಬಳಿ ನಿಂತಿರುವ ಹೆಣ್ಣುಮಕ್ಕಳೂ, ಶಾಲೆಗೆ ಹೊರಟ ಮಕ್ಕಳೂ ಅದರ ಚಿತ್ರದಲ್ಲಿ ಬರುತ್ತಾರೆ. ಆ ದೃಶ್ಯ ಯಾರದೋ ಮೊಬೈಲಿಗೆ ಹೋದರೆ ಪಂಚಾಯತಿಯ ಮಾನ ಹೋದಂತೆ. ವಾಹನದೊಳಗೆ ಚಾಲಕಿಯ ಮುಖದತ್ತ ತಿರುಗಿರುವ ಒಳಮುಖ ಕ್ಯಾಮೆರಾವನ್ನಂತೂ ಯಾವ ಕಾರಣಕ್ಕೂ ಹಾಕಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕೆಲಸ ಮಾಡುತ್ತಾರೋ ಇಲ್ಲವೋ ನೋಡಬೇಕೆಂದು ಕೆಲವರು ಕೇಳಬಹುದು; ಅದನ್ನು ತಿಳಿಯಲು ಮನೆಗಳಿಂದ ಕಸ ಹೋಗಿದೆಯೇ ಎಂದು ನೋಡಿದರೆ ಸಾಕು. ಧ್ವನಿಮುದ್ರಣವನ್ನೂ ಮುಚ್ಚಿಯೇ ಇಡಬೇಕು. ಗುದ್ದಿ ಓಡಿದ ವಾಹನದ ಸಂಖ್ಯೆ ಕಣ್ಣಿಗೆ ಬಿದ್ದರೆ ಮಾತ್ರ ಚಾಲಕಿಯು ಗುಂಡಿ ಒತ್ತಿ ಧ್ವನಿಯನ್ನು ತೆರೆದು ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಲಿ. ಚಿತ್ರದಲ್ಲಿ ಫಲಕ ಮಸುಕಾಗಿದ್ದರೂ ಆ ದನಿ ಉಳಿಯುತ್ತದೆ.

ಪಂಚಾಯತಿಯ ವಶದಲ್ಲಿರುವ ದೃಶ್ಯವು ಮಾಹಿತಿ ಹಕ್ಕು ಅಧಿನಿಯಮದ ಅರ್ಥದಲ್ಲಿ ದಾಖಲೆಯೇ ಆಗುತ್ತದೆ ಎಂಬುದನ್ನು ಪಿ.ಡಿ.ಒ.ಗಳು ಗಮನಿಸಬೇಕು. ಅರ್ಜಿ ಬಂದರೆ 8(1)(ಜೆ) ಪ್ರಕರಣದ ವೈಯಕ್ತಿಕ ಮಾಹಿತಿಯ ವಿನಾಯಿತಿ ಅನ್ವಯಿಸುತ್ತದೆಯೇ ಎಂದು ವಿಚಾರ ಮಾಡಿಯೇ ಉತ್ತರಿಸಬೇಕಾಗುತ್ತದೆ. ಅನಗತ್ಯ ದೃಶ್ಯಗಳನ್ನು ಕೂಡಿಡದೆ, ತಾನಾಗಿಯೇ ಅಳಿಯಲು ಬಿಡುವುದೇ ಈ ತೊಡಕಿಗೆ ಸುಲಭ ಪರಿಹಾರ. ಆದ್ದರಿಂದ ಠರಾವಿನಲ್ಲಿ ಮೂರು ವಿಷಯಗಳು ಸ್ಪಷ್ಟವಾಗಿರಲಿ: ಕ್ಯಾಮೆರಾದ ಉದ್ದೇಶ ರಸ್ತೆ ಅಪಘಾತದ ದಾಖಲೆ ಮಾತ್ರ, ಕಾರ್ಡನ್ನು ತೆಗೆಯುವ, ನೋಡುವ ಅಧಿಕಾರ ಪಿ.ಡಿ.ಒ. ಅವರಿಗೆ, ಚಾಲಕಿಯ ಸಮಕ್ಷಮದಲ್ಲಿ; ತೆಗೆದ ಪ್ರತಿ ಸಲವೂ ವಹಿಯಲ್ಲಿ ನಮೂದು. ಅಧ್ಯಕ್ಷರಾಗಲಿ ಸದಸ್ಯರಾಗಲಿ ಕುತೂಹಲಕ್ಕೆ ಕೇಳಿದರೆ ಕೊಡತಕ್ಕದ್ದಲ್ಲ. ಇದನ್ನು ಸದಸ್ಯರ ಸಭೆಯಲ್ಲಿಯೇ ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ. ವಾಹನದ ಮೇಲೆ ಕ್ಯಾಮೆರಾ ಇದೆಯೆಂಬ ಫಲಕವೂ ಕನ್ನಡದಲ್ಲಿರಲಿ. ವೆಚ್ಚವನ್ನು ಪಂಚಾಯತಿಯ ಸ್ವಂತ ಸಂಪನ್ಮೂಲದಿಂದ ಭರಿಸುವುದು ಸರಳ. ಬೇರೆ ಅನುದಾನದಿಂದ ಮಾಡುವುದಾದರೆ ಆ ಅನುದಾನದ ಮಾರ್ಗಸೂಚಿಯನ್ನು ಮೊದಲು ಓದಿ.

ಅಪಘಾತ ಸಂಭವಿಸಿದಾಗ ಕ್ಯಾಮೆರಾದ ಚಿಂತೆ ಮೊದಲನೆಯದಲ್ಲ. ಮೋಟಾರು ವಾಹನಗಳ ಅಧಿನಿಯಮದ 134ನೆಯ ಪ್ರಕರಣದಂತೆ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕರ ಮೊದಲ ಕರ್ತವ್ಯ. 108ಕ್ಕೆ ಕರೆ, 112ಕ್ಕೆ ಕರೆ, ನಂತರ ಪಂಚಾಯತಿಗೆ ಕರೆ. ನೆರವಾಗುವ ದಾರಿಹೋಕರಿಗೆ 134ಎ ಪ್ರಕರಣದ ರಕ್ಷಣೆಯಿದೆಯೆಂದು ಅಲ್ಲಿ ಸೇರಿದವರಿಗೆ ಧೈರ್ಯ ಹೇಳಬೇಕು. ಆಮೇಲೆ ಕ್ಯಾಮೆರಾದ ಬೀಗದ ಗುಂಡಿಯನ್ನು ಒತ್ತಿ, ವಾಹನದ ಕೀಲಿಯನ್ನು ತೆಗೆದು, ಕ್ಯಾಮೆರಾ ಪೂರ್ತಿ ಆರಿದ ಮೇಲೆ ಕಾರ್ಡನ್ನು ಹೊರತೆಗೆಯಬೇಕು. ಚಾಲೂ ಇರುವಾಗಲೇ ಕಿತ್ತರೆ ಕೊನೆಯ ಕಡತ, ಅಂದರೆ ನಮಗೆ ಬೇಕಾದದ್ದೇ, ಕೆಡುತ್ತದೆ. ಕಾರ್ಡು ತೆಗೆಯದೆ ಗಾಡಿಯನ್ನು ಮತ್ತೆರಡು ದಿನ ಓಡಿಸಿದರೆ, ಬೀಗ ಬೀಳದ ದೃಶ್ಯದ ಮೇಲೆ ಹೊಸ ದೃಶ್ಯ ಬರೆದುಹೋಗುತ್ತದೆ.

ಆ ಕಾರ್ಡನ್ನು ಯಾರ ಮೊಬೈಲಿಗೂ ಹಾಕಬೇಡಿ, ದೃಶ್ಯವನ್ನು ಕತ್ತರಿಸಬೇಡಿ. ವಾಟ್ಸಾಪ್ ಮೂಲಕ ಕಳುಹಿಸಿದ ವಿಡಿಯೋ ಕುಗ್ಗಿ, ಮೂಲದಿಂದ ಭಿನ್ನವಾದ ಕಡತವಾಗಿಬಿಡುತ್ತದೆ. ಊರ ಗುಂಪಿನಲ್ಲಿ ಅದು ಹಬ್ಬಿದರೆ ಗಾಯಗೊಂಡವರ ಮನೆಯವರಿಗೆ ಆಗುವ ನೋವು ಬೇರೆ. ಕಾರ್ಡನ್ನು ಲಕೋಟೆಯಲ್ಲಿಟ್ಟು, ದಿನಾಂಕ, ವೇಳೆ, ಸಹಿಗಳೊಡನೆ ಮುಚ್ಚಿ, ಪೊಲೀಸರಿಗೆ ಒಪ್ಪಿಸಿ ಸ್ವೀಕೃತಿ ಪಡೆಯಬೇಕು. ಪೊಲೀಸರು ನ್ಯಾಯಮಂಡಳಿಗೆ ಪ್ರಥಮ ಅಪಘಾತ ವರದಿಯನ್ನು 48 ಗಂಟೆಗಳೊಳಗೆ ಸಲ್ಲಿಸಬೇಕಾಗಿರುವುದರಿಂದ ಬೇಗ ಒಪ್ಪಿಸಿದಷ್ಟೂ ಒಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಂದಿಗೆ ಪ್ರಮಾಣಪತ್ರವಿರಬೇಕು. ಅದರ ಮೊದಲ ಭಾಗವನ್ನು ಸಾಧನದ ಉಸ್ತುವಾರಿ ಹೊಂದಿದವರು, ಎರಡನೆಯ ಭಾಗವನ್ನು ತಜ್ಞರು ಸಹಿ ಮಾಡಬೇಕು. ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು. ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಪ್ರಕರಣವನ್ನು ಕುರಿತು 2020ರ ಜುಲೈ 14ರಂದು ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರತಿಗೆ ಪ್ರಮಾಣಪತ್ರ ಅಗತ್ಯ, ಮೂಲ ಸಾಧನವನ್ನೇ ಅದರ ಒಡೆಯರು ಹಾಜರುಪಡಿಸಿದರೆ ಅಗತ್ಯವಿಲ್ಲ ಎಂದಿತ್ತು. ಮೂಲ ಕಾರ್ಡನ್ನು ಹಾಗೆಯೇ ಕಾಪಾಡಿರೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಹೊಸ ಕಾರ್ಡಿಗೆ ಸಾವಿರ ರೂಪಾಯಿಯ ಆಸುಪಾಸು ಖರ್ಚಾಗಬಹುದು, ಹೋಗಲಿ ಬಿಡಿ.

ಕ್ಯಾಮೆರಾ ಇದ್ದ ಮಾತ್ರಕ್ಕೆ ಕಾಗದಪತ್ರಗಳ ಕೊರತೆ ಮುಚ್ಚಿಹೋಗದು. ವಿಮೆ, ಫಿಟ್‌ನೆಸ್, ಹೊಗೆ ತಪಾಸಣೆ ಪತ್ರ, ಚಾಲಕಿಯ ಪರವಾನಗಿಗಳ ಕೊನೆಯ ದಿನಾಂಕಗಳು ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಕಾಣುವಂತಿರಲಿ. ಲಘು ವಾಹನದ ಪರವಾನಗಿಯಿರುವವರು 7,500 ಕಿಲೋಗ್ರಾಂಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನೂ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಸ್ವಚ್ಛ ವಾಹಿನಿಯ ಚಾಲಕಿಯರ ಪರವಾನಗಿಯನ್ನು ಪ್ರಶ್ನಿಸುವವರಿಗೆ ಈ ತೀರ್ಪನ್ನು ತೋರಿಸಬಹುದು.

ಹೊರಗೆ ಮರದ ನೆರಳಿನಲ್ಲಿ ಒಂದು ಸ್ವಚ್ಛ ವಾಹಿನಿಯನ್ನು ನಿಲ್ಲಿಸಲಾಗಿದೆ. ಕ್ಯಾಮೆರಾ, ಫ್ಯೂಸ್ ಟ್ಯಾಪ್, ಕಾರ್ಡು ಎಲ್ಲವೂ ಅಲ್ಲಿವೆ. ಚಾಲಕ ಸಹೋದರಿಯರು ಮುಂದೆ ನಿಲ್ಲಲಿ, ನಾವು ಹಿಂದೆ ನಿಲ್ಲೋಣ. ಅಳವಡಿಸುವವರು ಮೊದಲು ಫ್ಯೂಸ್ ಪೆಟ್ಟಿಗೆಯನ್ನು ತೆರೆದು ತೋರಿಸುತ್ತಾರೆ. ಠರಾವಿನ ಮಾದರಿ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ.